ಕರಿಬಂಡೆಯ ದೀಪ ಹಚ್ಚಿದವರು ಯಾರು

ಹೊಳಲ್ಕೆರೆ ತಾಲ್ಲೂಕಿನ ಗುಡ್ಡದಹಟ್ಟಿ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ಮುರುಗಪ್ಪನಿಗೂ ಪುಸ್ತಕಕ್ಕೂ ಜಗಳವೇನೂ ಇರಲಿಲ್ಲ, ಸ್ನೇಹವೂ ಇರಲಿಲ್ಲ. ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವುದು, ಖೋಖೋ ಕಂಬ ನೆಡುವುದು, ಕೊರಳಲ್ಲಿ ಸೀಟಿ ಹಾಕಿಕೊಂಡು ಬಿಸಿಲಲ್ಲಿ ನಿಲ್ಲುವುದು, ಇಷ್ಟರಲ್ಲಿ ಅವನು ಸುಖವಾಗಿದ್ದ. ಎಪ್ಪತ್ತನಾಲ್ಕನೇ ಇಸವಿಯ ಮಳೆಗಾಲದಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದ ವಿಜ್ಞಾನದ ಮೇಷ್ಟ್ರಿಗೆ ಹೊಸದುರ್ಗಕ್ಕೆ ವರ್ಗವಾಯಿತು. ಹೆಡ್‌ಮಾಸ್ಟರು ತಿಮ್ಮರಾಯಪ್ಪನವರು ಮುರುಗಪ್ಪನನ್ನು ಕರೆಸಿ ಬೀಗದ ಕೈ ಮೇಜಿನ ಮೇಲಿಟ್ಟರು.

"ಮಳೆ ಬಂದ್ರೆ ನಿಮಗೆ ಕೆಲಸ ಇರಲ್ಲ. ಲೈಬ್ರರಿ ನೀವೇ ನೋಡ್ಕಳ್ರಿ, ಮುರುಗಪ್ಪನೋರೆ."

"ಸಾ, ನಂಗೆ ಅದರ ಗಂಧ ಗಾಳಿ ಗೊತ್ತಿಲ್ಲ."

"ಗೊತ್ತಾಗಾದೇನೈತೆ? ಬೀರು ಐತೆ, ಬೀಗ ಐತೆ. ಬೀಗ ತೆಗೀದೆ ಇದ್ರೆ ಆಯ್ತು."

ಆದರೆ ಬೀರುವಿನ ಕೆಳಗಿಂದ ಗೆದ್ದಲಿನ ಮಣ್ಣು ಉದುರುತ್ತಿರುವುದನ್ನು ಮುರುಗಪ್ಪ ಮೊದಲ ದಿನವೇ ಕಂಡ. ಬೀಗ ತೆಗೆಯಲೇಬೇಕಾಯಿತು. ಒಳಗಿನ ಪುಸ್ತಕಗಳನ್ನೆಲ್ಲ ಹೊರಗೆ ಹಾಕಿ, ಸೀಮೆಎಣ್ಣೆ ಬಟ್ಟೆಯಿಂದ ಹಲಗೆ ಒರೆಸಿ, ಒಂದೊಂದನ್ನೂ ಕೊಡವಿ ಜಗಲಿಯ ಬಿಸಿಲಿಗೆ ಹರಡಿದ. ಕೆಳಗಿನ ಹಲಗೆಯಲ್ಲಿದ್ದ ಒಂದಕ್ಕೆ ಮುಂದಿನ ರಟ್ಟೂ ಇರಲಿಲ್ಲ, ಹಿಂದಿನ ರಟ್ಟೂ ಇರಲಿಲ್ಲ. ಎಸೆಯಬೇಕೋ ಇಡಬೇಕೋ ಎಂದು ನೋಡಲು ಮೊದಲ ಸಾಲು ಓದಿದ.

'ಕರಿಬಂಡೆಯ ದೀಪದ ಕಾವಲುಗಾರ ಸತ್ತು ವಾರವಾಗಿತ್ತು. ಆದರೂ ಅಂದು ಸಂಜೆ ದೀಪ ಹೊತ್ತಿಕೊಂಡಿತು.'

"ಅರೆ! ಅದ್ಹೆಂಗೆ?" ಎಂದ ಮುರುಗಪ್ಪ ತನಗೆ ತಾನೇ. ಎರಡನೆಯ ಸಾಲು ಓದಿದ. ನಿಂತೇ ಓದಿದ, ಆಮೇಲೆ ಜಗಲಿಯ ಮೇಲೆ ಕುಂತು ಓದಿದ. ಎಂಟನೇ ಕ್ಲಾಸಿನ ಹುಡುಗರು ಮೈದಾನದಲ್ಲಿ ಸಾಲಾಗಿ ನಿಂತು ಕಾದರು, ಕಾದು ಕಾದು ತಾವೇ ಆಟಕ್ಕಿಳಿದರು.

ಸಮುದ್ರದ ನಡುವೆ ಒಂದು ಕಪ್ಪು ಬಂಡೆ. ಅದರ ಮೇಲೆ ಹಡಗುಗಳಿಗೆ ದಾರಿ ತೋರಿಸುವ ಎತ್ತರದ ದೀಪಸ್ತಂಭ. ದೀಪ ಹಚ್ಚುತ್ತಿದ್ದ ಮುದುಕ ಸತ್ತಿದ್ದಾನೆ, ಅವನ ಹೆಣವನ್ನು ದಡಕ್ಕೆ ತಂದು ಮಣ್ಣೂ ಮಾಡಿದ್ದಾರೆ. ಅಲೆ ಜೋರಾದ್ದರಿಂದ ಆಮೇಲೆ ಯಾರೂ ಅತ್ತ ದೋಣಿ ಹಾಕಿಲ್ಲ. ದೀಪ ಮಾತ್ರ ಪ್ರತಿ ಸಂಜೆ ಹೊತ್ತುತ್ತದೆ. ಊರವರು ದೆವ್ವ ಎಂದು ಬಾಗಿಲು ಹಾಕಿಕೊಂಡಿದ್ದಾಗ ಮಂಜಿ ಎಂಬ ಮೀನುಗಾರರ ಹುಡುಗಿ ಒಬ್ಬಳೇ ದೋಣಿ ಇಳಿಸುತ್ತಾಳೆ.

ಆ ಭಾನುವಾರ ಮುರುಗಪ್ಪ ಮೈದಾನದ ಹುಣಸೇಮರದ ಕೆಳಗೆ ಕೂತು ಪುಸ್ತಕ ಮುಗಿಸಲು ಹೊರಟ. ಮಂಜಿಯ ದೋಣಿ ಬಂಡೆಗೆ ತಾಗಿತು. ಅವಳು ಮೆಟ್ಟಿಲು ಹತ್ತಿದಳು. ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ ಗುರುತು. ಮೇಲಿನ ಬಾಗಿಲ ಹಿಂದೆ ಯಾರೋ ಉಸಿರಾಡುವ ಸದ್ದು. ಮುರುಗಪ್ಪ ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದ. 'ಮಂಜಿ ಬಾಗಿಲು ತಳ್ಳಿದಳು. ದೀಪದ ಮುಂದೆ ನಿಂತಿದ್ದವರು' ಎಂಬಲ್ಲಿಗೆ ಪುಟ ಮುಗಿಯಿತು. ತಿರುಗಿಸಿದರೆ ಮುಂದಿನ ಪುಟವಿಲ್ಲ. ಮುಂದಿದ್ದ ಹಾಳೆಗಳನ್ನು ಗೆದ್ದಲು ತಿಂದು, ಚೂರು ಮಣ್ಣು ಉಳಿಸಿತ್ತು.

"ಥೂ ನಿನ್ನ!" ಎಂದು ಅವನು ಕೂಗಿದ್ದಕ್ಕೆ ಮರದ ಮೇಲಿನ ಗಿಳಿಗಳು ಹಾರಿಹೋದವು. ಬೀರುವನ್ನೆಲ್ಲ ತಡಕಿದ, ಹಲಗೆಯ ಸಂದಿಗೆ ಬೆರಳು ಹಾಕಿ ನೋಡಿದ. ಏನೂ ಸಿಗಲಿಲ್ಲ.

ಮಂಗಳವಾರ ಜಡಿಮಳೆ. ಒಂಬತ್ತನೇ ಕ್ಲಾಸಿಗೆ ಡ್ರಿಲ್ ಪಿರಿಯಡ್ಡು. ಹುಡುಗರು ಕೋಣೆಯೊಳಗೆ ಸಂತೆ ಎಬ್ಬಿಸಿದ್ದರು. ಸೀಟಿ ಊದಿದರೂ ಕೇಳಲಿಲ್ಲ. ಎರಡು ದಿನದಿಂದ ಹೊಟ್ಟೆಯೊಳಗೆ ಇಟ್ಟುಕೊಂಡದ್ದು ತಡೆಯಲಾಗದೆ ಮುರುಗಪ್ಪ ಜೋರಾಗಿ, "ಲೇ, ದೀಪ ಹಚ್ಚೋನು ಸತ್ತು ವಾರ ಆಗೈತೆ. ಆದ್ರೂ ದೀಪ ಹತ್ತತೈತೆ. ಯಾರ್ಲೇ ಹಚ್ಚೋರು?" ಎಂದುಬಿಟ್ಟ.

ಸದ್ದು ನಿಂತಿತು.

ಅಲ್ಲಿಂದ ಶುರುವಾಯಿತು ನೋಡಿ. ಪುಸ್ತಕ ಓದಿ ಹೇಳಿದ, ಮಾತು ಸಾಲದ ಕಡೆ ಮಾಡಿ ತೋರಿಸಿದ. ಬೆಂಚಿನ ಮೇಲೆ ನಿಂತು ಹುಟ್ಟು ಹಾಕಿದ, ಅಲೆ ಬಂದಾಗ ಬಗ್ಗಿದ. ಸಮುದ್ರ ಕಂಡವರು ಅಲ್ಲಿ ಯಾರೂ ಇರಲಿಲ್ಲ, ಮುರುಗಪ್ಪನೂ ಕಂಡಿರಲಿಲ್ಲ. ದಾಸಣ್ಣ ಎಂಬ ತುಂಟ ಎದ್ದು, "ಮಾರಿಕಣಿವೆ ಡ್ಯಾಮಿಗಿಂತ ದೊಡ್ಡದಾ ಸಾ?" ಎಂದ.

"ಅಂಥವು ಸಾವಿರ ಡ್ಯಾಮು ಸುರಿದ್ರೂ ತುಂಬಲ್ಲ, ಕುಂತ್ಕಳಲೇ."

ಗಂಟೆ ಹೊಡೆದಾಗ ಯಾರೂ ಏಳಲಿಲ್ಲ. ಮರುದಿನ ಮಳೆ ಇಲ್ಲದಿದ್ದರೂ ಮೈದಾನ ಒದ್ದೆ ಐತೆ ಸಾ ಎಂದರು. ಅದರ ಮರುದಿನ ಬಿಸಿಲು ಚೆನ್ನಾಗಿಯೇ ಇತ್ತು, ಬಿಸಿಲು ಜಾಸ್ತಿ ಐತೆ ಸಾ ಎಂದರು. ಗೊಲ್ಲರಹಟ್ಟಿಯಿಂದ ಬರುತ್ತಿದ್ದ ಚಿತ್ತಮ್ಮ ಕ್ಲಾಸಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ. ಅವಳು ಅಂದು ತಾನಾಗಿ ಎದ್ದು ಬಂದು, "ಸಾ, ನಾನ್ ಓದ್ಲಾ?" ಎಂದು ಪುಸ್ತಕಕ್ಕೆ ಕೈ ಚಾಚಿದಳು. ಮೊದಮೊದಲು ತಡವರಿಸಿದಳು. ಮಂಜಿ ಮೆಟ್ಟಿಲು ಹತ್ತುವ ಹೊತ್ತಿಗೆ ಅವಳ ದನಿ ಕೋಣೆಯ ಹೆಂಚು ಮುಟ್ಟುತ್ತಿತ್ತು. 'ದೀಪದ ಮುಂದೆ ನಿಂತಿದ್ದವರು' ಎಂದಳು, ಪುಟ ತಿರುಗಿಸಿದಳು, ಮುರುಗಪ್ಪನ ಮುಖ ನೋಡಿದಳು.

"ಅಷ್ಟೇ ಇರೋದು," ಎಂದ ಮುರುಗಪ್ಪ, ತಪ್ಪು ತನ್ನದೇ ಎಂಬಂತೆ.

ಆಮೇಲೆ ಎದ್ದ ಗಲಾಟೆ ಹೇಳತೀರದು. ದೆವ್ವವೇ ಎಂದರು ಕೆಲವರು. ಕಳ್ಳಸಾಗಣೆಯವರು ಎಂದ ದಾಸಣ್ಣ. ಸತ್ತವನು ಮುದುಕನೇ ಅಲ್ಲ, ಅವನ ಅವಳಿ ತಮ್ಮ ಎಂದಿತು ಕಿಟಕಿ ಪಕ್ಕದ ಗುಂಪು. ಈ ಜಗಳ ಬಾವಿಕಟ್ಟೆಗೆ ಹೋಯಿತು, ಹಿಟ್ಟಿನ ಗಿರಣಿಗೆ ಹೋಯಿತು. ಕುರಿ ಮೇಯಿಸುವ ಚಿತ್ತಮ್ಮನ ಅಪ್ಪ ಜುಂಜಪ್ಪ ಶಾಲೆಯ ಗೇಟಿಗೇ ಬಂದು, "ಮೇಷ್ಟ್ರೆ, ಆ ದೀಪದ್ದು ಏನಾಯ್ತು ಅಂತ ಹೇಳ್ಬಿಡ್ರಿ. ನಮ್ಮುಡುಗಿ ಉಣ್ಣಾಕೂ ಬಿಡವಲ್ಲಳು," ಎಂದ.

"ಗೊತ್ತಿದ್ರೆ ಹೇಳ್ತಿರಲಿಲ್ವೇನಪ್ಪ!" ಎಂದು ಮುರುಗಪ್ಪ ಕೈ ಚೆಲ್ಲಿದ.

ಅವತ್ತೇ ಹೆಡ್‌ಮಾಸ್ಟರ ಕೋಣೆಗೆ ಕರೆ ಬಂತು.

"ಡ್ರಿಲ್ ಪಿರಿಯಡ್ಡಿನಾಗೆ ಕತೆ ಓದಿಸ್ತೀರಂತೆ. ಪರೀಕ್ಷೆಗೆ ಬರಾದಾ ಅದು?"

"ಇಲ್ಲ ಸಾ."

"ಪಠ್ಯದಾಗೆ ಐತಾ?"

"ಇಲ್ಲ ಸಾ. ಸುಮ್ನೆ, ಖುಷಿಗೆ."

ತಿಮ್ಮರಾಯಪ್ಪನವರು ಕನ್ನಡಕ ತೆಗೆದು ಒರೆಸಿದರು. ಅವರು ಪಕ್ಕದ ಕೋಣೆಯಲ್ಲಿ ಹತ್ತನೇ ಕ್ಲಾಸಿಗೆ ಗಣಿತ ಹೇಳುತ್ತಿದ್ದವರು. ಎರಡು ಕೋಣೆಗೂ ನಡುವೆ ಇದ್ದದ್ದು ಬಿದಿರು ತಟ್ಟಿ. "ಅಲ್ರಿ, ಆ ಹುಡುಗಿ ದೋಣಿಗೆ ನೀರು ನುಗ್ತು ಅಂದ್ರಲ್ಲ, ಆಮೇಲೆ ನಮ್ಮೋರು ಮಗ್ಗಿ ಹೇಳಾಕೆ ಶುರು ಮಾಡಿದ್ರು, ಕೇಳಲಿಲ್ಲ. ಬದುಕಿದ್ಲಾ?"

ಮುರುಗಪ್ಪ ಕಣ್ಣರಳಿಸಿ ನೋಡಿದ. "ಬದುಕಿದ್ಲು ಸಾ! ಬಾಗಿಲ ತನಕ ಹೋದ್ಲು. ಕೊನೇ ಪುಟನೇ ಇಲ್ಲ."

"ಕೊನೇ ಪುಟ ಇಲ್ವಾ?" ಹೆಡ್‌ಮಾಸ್ಟರು ಎದ್ದೇ ಬಿಟ್ಟರು. "ಶನಿವಾರ ದುರ್ಗದಾಗೆ ಜಿಲ್ಲಾ ಆಟೋಟದ ಮೀಟಿಂಗ್ ಐತೆ. ಹೋಗ್ರಿ. ಮೀಟಿಂಗ್ ಮುಗಿಸ್ಕಂಡು ಅಲ್ಲಿನ ದೊಡ್ಡ ಲೈಬ್ರರಿಗೂ ಹೋಗಿ ಬರ್ರಿ."

ಶುಕ್ರವಾರ ಸಂಜೆ ಮಕ್ಕಳು ಅವನನ್ನು ಸುತ್ತುವರಿದರು. ಚಿತ್ತಮ್ಮ, "ಸಾ, ಪುಸ್ತಕ ಸಿಕ್ರೆ ನೀವೊಬ್ರೇ ಓದ್ಕಬಾರದು. ಎಲ್ರೂ ಒಟ್ಟಿಗೆ," ಎಂದಳು. ಮುರುಗಪ್ಪ ಸೀಟಿ ಮುಟ್ಟಿ ಮಾತು ಕೊಟ್ಟ.

ದುರ್ಗದ ಮೀಟಿಂಗಿನಲ್ಲಿ ಏನು ಮಾತಾಡಿದರೋ ಅವನ ತಲೆಗೆ ಹತ್ತಲಿಲ್ಲ. ಮುಗಿದದ್ದೇ ತಡ, ಲೈಬ್ರರಿಗೆ ಓಡಿದ. ಮೇಜಿನ ಹಿಂದೆ ಲೈಬ್ರರಿಯನ್ ಕರಿಯಣ್ಣ ಕೂತಿದ್ದರು.

"ಯಾವ ಪುಸ್ತಕ?"

"ಹೆಸರು ಗೊತ್ತಿಲ್ರಿ."

"ಬರೆದೋರು?"

"ಗೊತ್ತಿಲ್ಲ. ರಟ್ಟೇ ಇಲ್ಲ ಅದಕ್ಕೆ."

"ಮತ್ತೇನ್ ಗೊತ್ತೈತೆ ನಿಮಗೆ?"

"ಕತೆ ಗೊತ್ತೈತೆ, ಕೊನೆ ಒಂದು ಬಿಟ್ಟು."

ಕರಿಯಣ್ಣ ನಕ್ಕು, "ಹಂಗಾರೆ ಕತೆನೇ ಹೇಳ್ರಿ, ನೋಡಾಣ," ಎಂದರು.

ಮುರುಗಪ್ಪ ಹೇಳಿದ. ಮೆಲ್ಲಗೇ ಶುರು ಮಾಡಿದ, ಆದರೆ ಅಲೆಯನ್ನು ಮೆಲ್ಲಗೆ ಹೇಳುವುದು ಹೇಗೆ? ಮಂಜಿಯ ದೋಣಿ ಓಲಾಡುವಾಗ ಅವನ ಕೈ ಕಾಲು ತಾವಾಗಿಯೇ ಆಡಿದವು. ಪೇಪರ್ ಓದುತ್ತಿದ್ದವರು ಪೇಪರ್ ಇಳಿಸಿದರು. 'ಸದ್ದು ಮಾಡಬಾರದು' ಎಂಬ ಬೋರ್ಡಿನ ಕೆಳಗೇ ಒಂದು ಗುಂಪು ಕೂಡಿತು. ಒದ್ದೆ ಹೆಜ್ಜೆಯವರೆಗೆ ಬಂದಾಗ, ಹೆಂಗಸರ ಬೆಂಚಿನಿಂದ ಬಿಳಿ ಸೀರೆಯ ನರ್ಸಮ್ಮ ಒಬ್ಬರು ಎದ್ದು ನಿಂತರು.

"ನಾನ್ ಓದೀನ್ರಿ ಇದನ್ನ! 'ಕರಿಬಂಡೆಯ ದೀಪ' ಅಂತ! ಕೊನೆಗೆ ಬಾಗಿಲು ತಳ್ಳಿದ್ರೆ ಅಲ್ಲಿ..."

"ಹೇಳ್ಬ್ಯಾಡ್ರಿ!" ಮುರುಗಪ್ಪ ಎರಡೂ ಕಿವಿ ಮುಚ್ಚಿಕೊಂಡು, ಮೈದಾನದ ಆ ತುದಿಗೆ ಕೇಳುವಂತೆ ಕೂಗಿದ. "ದಮ್ಮಯ್ಯ ಅಂತೀನಿ, ಹೇಳ್ಬ್ಯಾಡ್ರಿ! ಮಕ್ಕಳಿಗೆ ಮಾತು ಕೊಟ್ಟೀನಿ!"

ಗುಂಪು ನಕ್ಕಿತು. ನರ್ಸಮ್ಮನ ಹೆಸರು ಏಕಾಂತಮ್ಮ, ದೊಡ್ಡಾಸ್ಪತ್ರೆಯವರು. ಡ್ಯೂಟಿ ಮುಗಿಸಿ ಮನೆಗೆ ಹೋಗುವ ಮುಂಚೆ ದಿನಾ ಅರ್ಧ ಗಂಟೆ ಇಲ್ಲಿ ಕೂತು ಓದುವುದು ಅವರ ರೂಢಿ. ಅವರು ಕಪಾಟಿನ ಸಾಲಿಗೆ ನೆಟ್ಟಗೆ ಹೋಗಿ ಪುಸ್ತಕ ಎಳೆದು ತಂದರು. ನೀಲಿ ರಟ್ಟು. ಮುರುಗಪ್ಪ ಅದನ್ನು ಕಪ್ ಗೆದ್ದವನಂತೆ ಎರಡೂ ಕೈಯಲ್ಲಿ ಹಿಡಿದ.

"ಮೆಂಬರ್ ಅಲ್ದೋರಿಗೆ ಹೊರಗೆ ಕೊಡಂಗಿಲ್ಲ," ಎಂದರು ಕರಿಯಣ್ಣ. ಅವರಿಗೂ ಹೇಳಲು ಬೇಜಾರೇ. "ಇಲ್ಲೇ ಕುಂತು ಓದ್ರಿ. ಕೊನೆ ಎರಡೇ ಪುಟ ಅಲ್ವಾ?"

"ಇಲ್ಲಿ ಓದಂಗಿಲ್ರಿ ನಾನು."

"ನನ್ನ ಕಾರ್ಡಿನ ಮ್ಯಾಲೆ ಕೊಡ್ರಿ," ಎಂದರು ಏಕಾಂತಮ್ಮ. ಮುರುಗಪ್ಪನ ಕಡೆ ತಿರುಗಿ, "ಎಂಟು ದಿನದಾಗೆ ತಂದು ಕೊಡ್ಬೇಕು, ಮೇಷ್ಟ್ರೆ. ಮಕ್ಕಳು ಏನಂದ್ರು ಅಂತ ನಂಗೆ ಹೇಳ್ಬೇಕು, ಮರೀಬ್ಯಾಡ್ರಿ."

ಬಸ್ಸಿನಲ್ಲಿ ಅವನು ಪಟ್ಟ ಪಾಡು ದೇವರಿಗೇ ಗೊತ್ತು. ಪುಸ್ತಕ ತೊಡೆಯ ಮೇಲಿಟ್ಟುಕೊಂಡರೆ ಬೆರಳು ಕೊನೆಯ ಪುಟಕ್ಕೇ ಹೋಗುತ್ತಿತ್ತು. ಚೀಲಕ್ಕೆ ಹಾಕಿದ, ಚೀಲ ತೊಡೆಯ ಮೇಲಿತ್ತು. ಕಡೆಗೆ ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿ, ಗುಂಡಿ ಹಾಕಿ, ಕಿಟಕಿಯಾಚೆ ಸೇಂಗಾ ಹೊಲ ನೋಡುತ್ತ ಕೂತ. ಹೊಳಲ್ಕೆರೆಯಲ್ಲಿ ಬಸ್ಸು ನಿಂತೇ ನಿಂತಾಗ, "ಯಾವಾಗ ಬಿಡ್ತೀರ್ರಿ?" ಎಂದು ಮೂರು ಸಲ ಕೇಳಿ ಕಂಡಕ್ಟರಿಂದ ಬೈಸಿಕೊಂಡ.

ಗುಡ್ಡದಹಟ್ಟಿ ಸ್ಟಾಪಿನಲ್ಲಿ ಬಸ್ಸು ತಿರುಗುವ ಮೊದಲೇ ಕೂಗು ಕೇಳಿಸಿತು. ಒಂಬತ್ತನೇ ಕ್ಲಾಸು ಮಾತ್ರವಲ್ಲ, ಅರ್ಧ ಶಾಲೆಯೇ ಅಲ್ಲಿತ್ತು. ಜುಂಜಪ್ಪ ಕುರಿಗಳನ್ನೂ ಹೊಡೆದುಕೊಂಡು ಬಂದಿದ್ದ. ತುಸು ದೂರದಲ್ಲಿ, ಏನೋ ಕೆಲಸಕ್ಕೆ ಬಂದವರಂತೆ, ತಿಮ್ಮರಾಯಪ್ಪನವರು ನಿಂತಿದ್ದರು.

"ಸಿಕ್ತಾ ಸಾ? ಸಿಕ್ತಾ?"

ಮುರುಗಪ್ಪ ಅಂಗಿಯ ಗುಂಡಿ ಬಿಚ್ಚಿ ಪುಸ್ತಕ ಎತ್ತಿ ಹಿಡಿದ. ಹೋ ಎಂಬ ಆ ಕೂಗಿಗೆ ಕುರಿಗಳು ಚದುರಿದವು.

"ಸೋಮವಾರ ಕ್ಲಾಸಿನಾಗೆ..." ಎಂದು ಅವನು ಶುರು ಮಾಡಿದ.

"ಏನ್ರೀ ಸೋಮವಾರ?" ಹೆಡ್‌ಮಾಸ್ಟರು ಗುಂಪು ಸೀಳಿಕೊಂಡು ಬಂದರು. "ಇನ್ನೂ ಬೆಳಕೈತೆ. ಇಲ್ಲೇ ಓದ್ಸ್ರಿ!"

ಅರಳಿಕಟ್ಟೆಯ ಮೇಲೆ ಚಿತ್ತಮ್ಮನನ್ನು ಹತ್ತಿಸಿದರು. ಅವಳು ಪುಟ ಹುಡುಕಿದಳು. ಓದಿದಳು. "'ಮಂಜಿ ಬಾಗಿಲು ತಳ್ಳಿದಳು. ದೀಪದ ಮುಂದೆ ನಿಂತಿದ್ದವರು ಒಬ್ಬ ಮುದುಕಿ.'"

ಗುಂಪು ಕಟ್ಟೆಯ ಹತ್ತಿರಕ್ಕೆ ಒತ್ತಿಕೊಂಡಿತು.

ಆ ಮುದುಕಿ ಕಾವಲುಗಾರನ ಹೆಂಡತಿ. ಮಾತು ಬಾರದವಳು, ಕಿವಿ ಕೇಳದವಳು; ಮೂವತ್ತು ವರ್ಷ ಬಂಡೆ ಬಿಟ್ಟು ಇಳಿದವಳಲ್ಲ. ಅವಳು ಅಲ್ಲಿದ್ದಾಳೆ ಎಂದು ದಡದವರಿಗೆ ಗೊತ್ತೇ ಇರಲಿಲ್ಲ. ದೋಣಿಯವರು ಗಂಡನ ಹೆಣ ಒಯ್ದಾಗ ಹೆದರಿ ಎಣ್ಣೆಪೀಪಾಯಿಗಳ ಹಿಂದೆ ಅವಿತಿದ್ದಳು. ಸಂಜೆಯಾದಾಗ, ಹಡಗುಗಳು ಬರುತ್ತವಲ್ಲ ಎಂದು, ಎದ್ದು ದೀಪ ಹಚ್ಚಿದ್ದಳು. ಮಂಜಿ ಅವಳ ಕೈಯಿಂದ ಎಣ್ಣೆಯ ತಂಬಿಗೆ ಇಸಿದುಕೊಂಡು ದೀಪಕ್ಕೆ ಹುಯ್ಯುವಲ್ಲಿಗೆ ಕತೆ ಮುಗಿಯಿತು.

ಜುಂಜಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ದಾಸಣ್ಣ ಎದ್ದು, "ಮೋಸ ಸಾ! ಆ ಮುದುಕಿ ಬಗ್ಗೆ ಮುಂಚೆ ಎಲ್ಲೂ ಹೇಳೇ ಇಲ್ಲ!" ಎಂದ.

"ಹೌದಲ್ಲ?" ಎಂದ ಮುರುಗಪ್ಪ.

ಚಿತ್ತಮ್ಮ ಹಿಂದಿನ ಪುಟಗಳನ್ನು ಸರಸರ ತಿರುವುತ್ತಿದ್ದಳು. ಒಂದು ಕಡೆ ನಿಂತು ಚೀರಿದಳು. "ಐತೆ ಸಾ! ಇಲ್ಲೈತೆ! 'ಮುದುಕನ ಒಲೆಯ ಪಕ್ಕ ಎರಡು ತಟ್ಟೆ ಬೋರಲಾಗಿ ಇದ್ದವು.' ಒಬ್ಬನೇ ಇದ್ದೋನಿಗೆ ಎರಡು ತಟ್ಟೆ ಯಾಕೆ ಸಾ?"

ಎಲ್ಲರೂ ಒಮ್ಮೆಗೇ ಪುಸ್ತಕದ ಮೇಲೆ ಮುಗಿಬಿದ್ದರು. ಮುರುಗಪ್ಪ ಆ ಸಾಲನ್ನು ಎಷ್ಟು ಸಲ ಓದಿದ್ದನೋ, ಕಣ್ಣಿಗೇ ಬಿದ್ದಿರಲಿಲ್ಲ. ಬರೆದವನು ಎದುರಿಗೇ ಇಟ್ಟಿದ್ದನಲ್ಲ! ಇನ್ನೊಬ್ಬ, ಹಗ್ಗಕ್ಕೆ ಒಣಹಾಕಿದ ಸೀರೆಯ ಸಾಲು ಹುಡುಕಿದ. ಮತ್ತೊಬ್ಬಳು ಇನ್ನೊಂದು. ಹೊತ್ತು ಮುಳುಗುವವರೆಗೆ ಅರಳಿಕಟ್ಟೆಯ ಮೇಲೆ ಇದೇ ಬೇಟೆ. ತಿಮ್ಮರಾಯಪ್ಪನವರೂ ಒಂದು ಸಾಲು ಹಿಡಿದರು, ಹಿಡಿದು ಮಗುವಿನಂತೆ ಕೈ ತಟ್ಟಿದರು.

ಸೋಮವಾರ ಬೆಳಿಗ್ಗೆ, ಪ್ರಾರ್ಥನೆಗೂ ಮುಂಚೆ, ಬೀರುವಿನ ಮುಂದೆ ಜನವೋ ಜನ. "ಇನ್ನೊಂದು ಕೊಡ್ರಿ ಸಾ!" "ನಂಗೆ ಹುಲಿದು!" "ಇಂಥದ್ದೇ, ಆದ್ರೆ ಉದ್ದಂದು!" ಯಾವುದರಲ್ಲಿ ಏನಿದೆ ಎಂದು ಮುರುಗಪ್ಪನಿಗೆ ಎಲ್ಲಿ ಗೊತ್ತು? ಬೀರುವಿನ ಎರಡೂ ಬಾಗಿಲು ಹಾರು ಹೊಡೆದು, "ನೀವೇ ನೋಡಿ ತಗಳ್ರಿ. ಓದಿ ಬಂದು ನಂಗೂ ಹೇಳ್ರಿ," ಎಂದ. ಬೀಗ ತೆಗೆಯಬೇಡಿ ಎಂದಿದ್ದ ಹೆಡ್‌ಮಾಸ್ಟರು ಬಂದು ನೋಡಿದರು. ಶನಿವಾರದ ಕೊನೆಯ ಪಿರಿಯಡ್ಡು ಇನ್ನು ಮೇಲೆ ಓದಿಗೆ, ಓದಿದ್ದರ ಮೇಲೆ ಯಾವ ಮೇಷ್ಟ್ರೂ ಪ್ರಶ್ನೆ ಕೇಳಕೂಡದು ಎಂದು ಅಲ್ಲಿಯೇ ಹೇಳಿ, ತಮಗೂ ಒಂದು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೋದರು.

ನೂಕುನುಗ್ಗಲು ಕರಗುವ ಹೊತ್ತಿಗೆ ಮುರುಗಪ್ಪನ ಕಣ್ಣು ಮೇಲಿನ ಹಲಗೆಯ ಒಂದು ದಪ್ಪ ಪುಸ್ತಕದ ಮೇಲೆ ಬಿದ್ದಿತ್ತು. ರಟ್ಟಿನ ಮೇಲೆ ಗುಹೆಯ ಚಿತ್ರ, ದುರ್ಗದ ಚಂದ್ರವಳ್ಳಿಯದೇ ಇರಬೇಕು ಎನ್ನುವಂಥದ್ದು, ಒಳಗೆ ಒಂದು ಪಂಜು. ಇವತ್ತು ಅದನ್ನೇ ಒಯ್ಯಬೇಕು ಎಂದು ಕೈ ಎತ್ತಿದ. ಅಷ್ಟರಲ್ಲಿ ಚಿತ್ತಮ್ಮ ಸ್ಟೂಲು ಹತ್ತಿ ಅದನ್ನು ಎಳೆದುಕೊಂಡಾಗಿತ್ತು.

"ಲೇ, ಅದು ನಾನ್ ನೋಡಿಟ್ಟಿದ್ದು!"

"ನೀವು ಆಮ್ಯಾಲೆ ಓದ್ರಿ ಸಾ," ಎಂದಳು ಅವಳು, ಪುಸ್ತಕ ಎದೆಗೆ ಒತ್ತಿಕೊಂಡು, ಆಗಲೇ ಬಾಗಿಲ ಕಡೆ ಹೆಜ್ಜೆ ಹಾಕುತ್ತ. "ಬುಧವಾರಕ್ಕೆ ಮುಗಿಸ್ತೀನಿ."

"ಮಂಗಳವಾರಕ್ಕೆ!" ಎಂದು ಮುರುಗಪ್ಪ ಅವಳ ಹಿಂದೆಯೇ ಕೂಗಿದ.