ಪರಾಮರ್ಶನಕ್ಕೆ ಮಾತ್ರ

ನಾನು ಸಾಗವಾನಿಯ ಕಾರ್ಡು ಪೆಟ್ಟಿಗೆ. ಹೆಸರಿಗೆ ಪೆಟ್ಟಿಗೆ, ನಿಜವಾಗಿ ಮೈತುಂಬ ಸಣ್ಣ ಖಾನೆಗಳಿರುವ ಕಪಾಟು. ಬೆಣ್ಣಿಹಳ್ಳದ ದಂಡೆಯ ಒಂದು ಪಟ್ಟಣದ ಗ್ರಂಥಾಲಯಕ್ಕೆಂದು ಮಾನಪ್ಪ ಬಡಿಗೇರ ನನ್ನನ್ನು ಮಾಡಿದ. ಖಾನೆ ಎಳೆದರೆ ಸದ್ದಾಗಬಾರದು, ಮುಚ್ಚಿದರೆ ಇರುವೆ ನುಸುಳಬಾರದು ಎಂಬುದು ಅವನ ಹಟ. ಕೆಳಸಾಲಿನ ಒಂದು ಖಾನೆಗೆ ಕೀಲಿಯನ್ನೂ ಇಟ್ಟ. ಯಾಕೆಂದು ಕೇಳಿದವರಿಗೆ, "ಒಂದರ ಕೀಲಿ ಇಲ್ಲದ್ದು ಪೆಟಗಿ ಹೆಂಗಾದೀತು?" ಅಂದ.

ಒಂದೊಂದು ಪುಸ್ತಕಕ್ಕೆ ಒಂದೊಂದು ಕಾರ್ಡು. ಓದುವವರು ಬೆರಳಿಗೆ ಉಗುಳು ಹಚ್ಚಿಕೊಂಡು ತಿರುವುತ್ತಿದ್ದರು. ನನ್ನ ಮೇಲೆ ಯಾರಿಗೂ ಪ್ರೀತಿ ಇರಲಿಲ್ಲ, ಕೆಲಸ ಇತ್ತು. ಅಷ್ಟು ಸಾಕಿತ್ತು. ಆಮೇಲೆ ಕಂಪ್ಯೂಟರ್ ಬಂತು. ಕಾರ್ಡುಗಳು ಶೇಂಗಾ ಕಟ್ಟುವವನ ಅಂಗಡಿಗೆ ಹೋದವು. ನಾನು ಸೈಕಲ್ ನಿಲ್ಲಿಸುವ ಪಡಸಾಲೆಗೆ ಹೋದೆ.

ನನ್ನನ್ನು ಮತ್ತೆ ಒಳಗೆ ತಂದವರು ಗ್ರಂಥಪಾಲಕ ಇಂದುಧರ ಸರ್. ಪುಸ್ತಕದ ಹಾಗೆ ಬೀಜವನ್ನೂ ಕಡ ಕೊಡಬೇಕು ಎಂಬ ಯೋಚನೆ ಅವರಿಗೆ ಬಂದಿತ್ತು. ಒಂದು ಹಿಡಿ ಒಯ್ಯಬೇಕು, ಬೆಳೆದ ಮೇಲೆ ಎರಡು ಹಿಡಿ ತರಬೇಕು. ನನ್ನ ಖಾನೆಗಳಲ್ಲಿ ಮುಳಗಾಯಿ, ಹೀರೆ, ಪುಂಡಿ, ಅವರೆ ಬಂದು ಕೂತವು. ಹಿತ್ತಲಿದ್ದವರೆಲ್ಲ ಬಂದರು. ಕೆಲವರು ಬೀಜಕ್ಕೆ ಬಂದು ಪುಸ್ತಕವನ್ನೂ ಒಯ್ದರು. ನನ್ನ ಒಳ್ಳೆಯ ದಿನ ಅಂದರೆ ಅವೇ.

ಕೆಡಿಸಿದ್ದು ಅವರೆಕಾಳು. ಟಪಾಲಿನ ಹನಮರಡ್ಡಿ ಒಂದು ಹಿಡಿ ಜವಾರಿ ಅವರೆ ಒಯ್ದವನು ಸಂತೆಯ ಕಾಳು ತಂದು ಸುರಿದ. ಇಂದುಧರರು ಕಾಳನ್ನು ಬೆಳಕಿಗೆ ಹಿಡಿದು ನೋಡಿದರು.

"ಇವು ನಾವು ಕೊಟ್ಟಾವಲ್ಲ, ಹನಮರಡ್ಡಿ."

"ಅವು ಭಾಳ ರುಚಿ ಇದ್ವು ಸರ. ನಮ್ಮಾಕಿ ಪಲ್ಯಾ ಮಾಡಿಬಿಟ್ಲು."

ಎಲ್ಲರೂ ನಕ್ಕರು. ಇಂದುಧರರು ನಗಲಿಲ್ಲ. ಊರಿನಲ್ಲಿ ಆ ಅವರೆ ಮತ್ತೆ ಸಿಗಲಿಲ್ಲ.

ಅದೇ ವರ್ಷ ಫಕೀರವ್ವ ಬಂದಳು. ಸೆರಗಿನ ಗಂಟಿನಲ್ಲಿ ಬಿಳಿ ಉಳ್ಳಾಗಡ್ಡಿಯ ಕರಿ ಬೀಜ. ಮದುವೆಯಲ್ಲಿ ತವರಿನವರು ಉಡಿಯಲ್ಲಿ ಹಾಕಿ ಕಳಿಸಿದ್ದ ತಳಿ. ರೊಟ್ಟಿಯ ಜೊತೆ ಹಣ್ಣಿನಂತೆ ಕಚ್ಚಿ ತಿನ್ನಬಹುದು, ಕಣ್ಣಲ್ಲಿ ನೀರು ಬರುವುದಿಲ್ಲ. ಮೈದುನರು ಹೊಲವನ್ನು ಪ್ಲಾಟು ಮಾಡಿ ಮಾರಿದ್ದರು. ಬಿತ್ತಲು ಅವಳಿಗೆ ಗೇಣು ನೆಲ ಉಳಿದಿರಲಿಲ್ಲ.

"ನನ್ನ ಕಡೆ ಇದ್ರ ಇದು ನನ್ನ ಕೂಡನ ಹೊಕ್ಕೈತಿ ಸರ. ನೀವು ಕಾಯ್ರಿ," ಅಂದಳು.

ಗ್ರಂಥಾಲಯದವರಿಗೆ ಕಾಯುವುದು ಅಂದರೆ ಒಂದೇ ಅರ್ಥ. ಊರಲ್ಲಿ ಒಂದೇ ಪ್ರತಿ ಇರುವ ಪುಸ್ತಕವನ್ನು ಅವರು ಹೊರಗೆ ಕೊಡುವುದಿಲ್ಲ. ಇಂದುಧರರು ಬೀಜವನ್ನು ನನ್ನ ಕೀಲಿಯ ಖಾನೆಯಲ್ಲಿಟ್ಟು, ಮೇಲೆ ಚೀಟಿ ಅಂಟಿಸಿದರು: ಪರಾಮರ್ಶನಕ್ಕೆ ಮಾತ್ರ.

"ಹಂಗಂದ್ರೇನ್ರಿ?"

"ಇಲ್ಲೇ ಕುಂತು ನೋಡಬೇಕು. ಯಾರೂ ಒಯ್ಯಾಂಗಿಲ್ಲ."

ಫಕೀರವ್ವನ ಮುಖ ಅರಳಿತು. ಅವಳ ಉಳ್ಳಾಗಡ್ಡಿಗೆ ದಪ್ಪ ನಿಘಂಟಿನ ಪದವಿ ಸಿಕ್ಕಿತ್ತು. ಬೀಗರು ಬಂದಾಗ ಕರೆತಂದು ತೋರಿಸುತ್ತಿದ್ದಳು. ಒಂದು ಚಿಟಿಕೆ ಕೇಳಿದವರನ್ನು ಅವಳೇ ಗದರುತ್ತಿದ್ದಳು: "ನೀ ಪಲ್ಯಾ ಮಾಡಾಕಿ, ನಡಿ!"

ಉಳ್ಳಾಗಡ್ಡಿ ಬೀಜ ವರ್ಷ ದಾಟಿದರೆ ಜೀವ ಬಿಡಲು ಸುರು ಮಾಡುತ್ತದೆ. ಫಕೀರವ್ವನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಅವಳು ಬೀಗಿತ್ತಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ: "ಮನ್ಯಾಗಾದ್ರ ಸಾಯ್ತಾವ. ಇಲ್ಲಿ ಪುಸ್ತಕದ ಹಾಳಿನೂ ನೂರು ವರ್ಷ ಬಾಳ್ತಾವಂತ." ಓದಿದವರಿಗೆ ಏನೋ ಉಪಾಯ ಗೊತ್ತು ಎಂದು ಅವಳು ನಂಬಿದಳು. ಒಕ್ಕಲುತನದವಳು ಸುಮ್ಮನಿದ್ದಾಳೆ, ಅಂದಮೇಲೆ ಸರಿ ಇದೆ ಎಂದು ಇಂದುಧರರು ನಂಬಿದರು. ನಡುವೆ ನಾನು ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದೆ.

ಕೆಲವು ವರ್ಷ ಕಳೆದು, ಅವಳ ಅಳಿಯ ಲಾವಣಿಗೆ, ಅಂದರೆ ಗುತ್ತಿಗೆಗೆ, ಒಂದು ಪಟ್ಟಿ ಹೊಲ ಹಿಡಿದ. ಫಕೀರವ್ವ ಓಡುತ್ತ ಬಂದಳು. ಇಂದುಧರರು ತಾವೇ ಕೀಲಿ ತೆಗೆದು ಬೀಜವನ್ನು ಅವಳ ಉಡಿಗೆ ಹಾಕಿದರು. ಗಡಿಬಿಡಿಯಲ್ಲಿ ಒಂದಿಷ್ಟು ನನ್ನ ಮೂಲೆಯಲ್ಲೇ ಉಳಿದವು.

ಅವಳು ಮತ್ತೆ ಬಂದದ್ದು ಬರಿಗೈಯಲ್ಲಿ.

"ಒಂದೂ ಏಳಲಿಲ್ಲ ಸರ."

"ನೀರು ಕಡಿಮಿ ಆತೇನೋ..."

"ನೀರ ಏನ್ ಮಾಡೀತ್ರಿ, ಸತ್ತಾವ್ಕ?"

ಬಯ್ಯಲಿಲ್ಲ. ಅವಳು ನನ್ನ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆಯಲು ನೋಡಿದಳು. ಅಂಟು ಗಟ್ಟಿಯಿತ್ತು, ಅರ್ಧ ಮಾತ್ರ ಬಂತು. ಆಮೇಲೆ ಅವಳು ಗ್ರಂಥಾಲಯದ ಮೆಟ್ಟಿಲು ಹತ್ತಲಿಲ್ಲ. ಖಾನೆಗೆ ಕೀಲಿ ಹಾಕಿದ ಇಂದುಧರರು ವರ್ಗವಾಗಿ ಹೋಗುವಾಗ ಕೀಲಿಕೈ ಅವರ ಜೇಬಿನಲ್ಲೇ ಹೋಯಿತು. ಹೊಸಬರಿಗೆ ಬೀಜದ ಹುಚ್ಚಿರಲಿಲ್ಲ. ನನ್ನನ್ನು ಹರಾಜಿಗೆ ಹಾಕಿದರು.

ಈಗ ನಾನು ಬಸ್‌ಸ್ಟ್ಯಾಂಡಿನ ಹತ್ತಿರ ರಾಜೇಸಾಬನ ಪಂಕ್ಚರ್ ಅಂಗಡಿಯಲ್ಲಿದ್ದೇನೆ. ಖಾನೆಗಳಲ್ಲಿ ನಟ್ಟು, ಬೋಲ್ಟು, ವಾಲ್ವು. ಕೀಲಿಯ ಖಾನೆಯನ್ನು ಯಾರೂ ತೆರೆದಿಲ್ಲ. ನನ್ನನ್ನು ಅತ್ತಿತ್ತ ಸರಿಸಿದಾಗ ಒಳಗೆ ಸರಸರ ಸಪ್ಪಳವಾಗುತ್ತದೆ. ರಾಜೇಸಾಬ ಅವು ಸೈಕಲ್ ಚಕ್ರದ ಛರ್ರಾ ಗುಂಡು ಅಂದುಕೊಂಡಿದ್ದಾನೆ. "ಒಡದ್ರ ಇಂಥಾ ಖಾನೆ ಕೆಡತೈತಿ. ಎಷ್ಟ್ ಗಟ್ಟಿ ಮಾಡ್ಯಾನ ನೋಡ ಬಡಿಗ್ಯಾ!" ಎಂದು ಗಿರಾಕಿಗಳಿಗೆ ಹೇಳುತ್ತಾನೆ.

ಗಟ್ಟಿ ಮಾಡಿದ್ದಾನೆ, ಹೌದು. ಮಾನಪ್ಪ ಅವತ್ತು ಒಂದಿಷ್ಟು ಸೋಮಾರಿಯಾಗಿ, ಮೂಲೆಯಲ್ಲಿ ಒಂದು ಸಂದಿ ಬಿಟ್ಟಿದ್ದರೆ ಇರುವೆಗಳಾದರೂ ಬರುತ್ತಿದ್ದವು. ಜೀವ ಇರುವಾಗಲೇ ಬೀಜ ಹೊತ್ತು ಮಣ್ಣಿಗೆ ಹೋಗುತ್ತಿದ್ದವು. ದಾರಿಯಲ್ಲಿ ಒಂದೆರಡು ಬೀಳುತ್ತಿದ್ದವು.