ಇಬ್ಬರು ನೋಡುವ ಪರದೆ

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಸುಳ್ಳು ಹೇಳಿದರೆ ಅದರಲ್ಲಿ ವಿವರ ಜಾಸ್ತಿಯಾಗಿರುತ್ತದೆ. ತಂಗಿಯದೂ ಹಾಗೇ ಆಯಿತು. "ಕಂಪ್ಯೂಟರ್ ರಿಪೇರಿ ಆಗಲ್ವಂತೆ" ಎಂದು ಹೇಳಿ ಬಾಯಿ ಮುಚ್ಚಿದ್ದರೆ ಸಾಕಿತ್ತು. ಅವಳು ಮದರ್‌ಬೋರ್ಡ್ ಸುಟ್ಟುಹೋಗಿದೆ, ಆ ಮಾಡೆಲ್ಲಿನದು ಈಗ ಎಲ್ಲೂ ಸಿಗುವುದಿಲ್ಲ, ರಿಪೇರಿಯವನು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ ಎಂದೆಲ್ಲ ಸೇರಿಸಿದಳು. ಆಗಷ್ಟೇ ಹೊರಗಿನಿಂದ ಬಂದಿದ್ದ ಅಕ್ಕ ಚೀಲವನ್ನು ಮೊಳೆಗೆ ನೇತುಹಾಕುತ್ತ "ಅಯ್ಯೋ ಪಾಪ" ಎಂದಳು. ಪಾಪ ಅಂದದ್ದು ಕಂಪ್ಯೂಟರಿಗೋ ರಿಪೇರಿಯವನಿಗೋ ತಂಗಿಗೆ ತಿಳಿಯಲಿಲ್ಲ.

ನಡೆದದ್ದೇ ಬೇರೆ. ರಿಪೇರಿಯವನು ಬಂದು, ಡಬ್ಬಿ ಬಿಚ್ಚಿ, ಒಳಗಿನದೊಂದು ಸಣ್ಣ ಪಟ್ಟಿಯನ್ನು ಕಿತ್ತು, ಮೇಜಿನ ಮೇಲಿದ್ದ ರಬ್ಬರಿನಿಂದ ಅದರ ಅಂಚನ್ನು ಗಸಗಸ ಉಜ್ಜಿ ಮತ್ತೆ ಕೂರಿಸಿದ್ದ. ಪರದೆ ಬೆಳಗಿತ್ತು. "ಧೂಳು ಮೇಡಂ, ಬೇರೇನಿಲ್ಲ. ಇನ್ನೂ ಸುಮಾರು ವರ್ಷ ದುಡಿಯುತ್ತೆ ಇದು" ಎಂದು ಹೇಳಿ ಹೋಗಿದ್ದ. ಅವನು ಹೋದ ಮೇಲೆ, ಅಕ್ಕ ಮುದ್ರಣಾಲಯದಿಂದ ವಾಪಸ್ಸು ಬರುವ ಮೊದಲು, ತಂಗಿ ಮೇಜಿನ ಕೆಳಗೆ ನುಸುಳಿ ಡಬ್ಬಿಯ ಹಿಂದಿನ ವಯರನ್ನು ಎಳೆದುಬಿಟ್ಟಳು. ಮೊಣಕಾಲಿಗೆ ಮೆತ್ತಿದ ಧೂಳನ್ನು ಒರೆಸಿಕೊಳ್ಳುವಾಗಲೇ ನಾಚಿಕೆಯಾಯಿತು. ಆದರೂ ವಯರನ್ನು ಮತ್ತೆ ಸಿಕ್ಕಿಸಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಫೋನು. ಅಕ್ಕತಂಗಿಯರಿಗೆ ಆಗಾಗ ಕರಡು ತಿದ್ದಲು ಕೊಡುವ ಪ್ರಕಾಶನದ ಮೇಡಂ ಹಿಂದಿನ ವಾರ ಮಾಡಿದ್ದರು. ಅವರ ಆಫೀಸಿನಲ್ಲಿ ಅದೇ ಕೆಲಸಕ್ಕೆ ಒಂದು ಜಾಗ ಖಾಲಿಯಿತ್ತು. ತಿಂಗಳ ಸಂಬಳ. ದಿನಾ ಹೋಗಬೇಕು, ಲ್ಯಾಪ್‌ಟಾಪ್ ಮಾತ್ರ ಸ್ವಂತದ್ದಿರಬೇಕು. ಬೇಕಾಗಿದ್ದದ್ದು ಒಬ್ಬರೇ. ತಂಗಿ ಹಿಂದೆಮುಂದೆ ನೋಡದೆ ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ ಅಡುಗೆಮನೆಯ ಕಡೆ ನೋಡಿದಳು. ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಊಟವಾದ ಮೇಲೆ ಹೇಳೋಣ ಎಂದುಕೊಂಡಳು. ಊಟವಾಯಿತು. ನಾಳೆ ಹೇಳೋಣ ಎಂದುಕೊಂಡಳು. ನಾಳೆಗಳು ಒಂದರ ಹಿಂದೊಂದು ಬಂದುಹೋದವು. ಕೊನೆಗೆ, ಕಂಪ್ಯೂಟರ್ ಕೆಟ್ಟಿತೆಂದರೆ ಲ್ಯಾಪ್‌ಟಾಪ್ ತಾನಾಗಿಯೇ ಮನೆಗೆ ಬರುತ್ತದೆ, ಆಮೇಲೆ ಉಳಿದ ಮಾತು ಸಲೀಸು ಎಂಬ ಬುದ್ಧಿ ಹೊಳೆಯಿತು. ಇಂಥ ಬುದ್ಧಿ ಹೊಳೆಯಬಾರದವರಿಗೇ ಬೇಗ ಹೊಳೆಯುತ್ತದೆ.

ತಾನು ಹೊರಟುಹೋದರೆ ಅಕ್ಕನ ಕೈ ಮುರಿದಂತೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಲೇಖಕರು ಕೈಯಲ್ಲಿ ಬರೆದದ್ದು ಅಚ್ಚಿಗೆ ಹೋಗುವ ಪುಟದಲ್ಲೂ ಹಾಗೆಯೇ ಬಂದಿದೆಯೇ ಎಂದು ನೋಡುವುದು ಅಕ್ಕತಂಗಿಯರ ಕೆಲಸ, ಅದನ್ನು ಇಬ್ಬರೂ ಜೋಡಿಯಾಗಿ ಮಾಡುತ್ತಿದ್ದರು. ಅಕ್ಕ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವಳು, ತಂಗಿ ಪರದೆಯ ಮೇಲೆ ಕಣ್ಣಿಡುವಳು. ಪೂರ್ಣವಿರಾಮ ಬಂದರೆ ಅಕ್ಕ ಬೆರಳ ಗೆಣ್ಣಿನಿಂದ ಮೇಜಿಗೆ ಒಂದು ಸಲ ಕುಟ್ಟುವಳು, ಪ್ಯಾರಾ ಮುಗಿದರೆ ಎರಡು ಸಲ. ಎಲ್ಲ ಸರಿಯಿದ್ದರೆ ತಂಗಿ "ಹೂಂ" ಅನ್ನಬೇಕು, ತಪ್ಪು ಕಂಡರೆ "ನಿಲ್ಲು" ಅನ್ನಬೇಕು. ನಿಲ್ಲು ಅಂದಾಗ ಅಕ್ಕನೂ ಬಗ್ಗಿ ನೋಡುವಳು. ಅದಕ್ಕಾಗಿಯೇ ಪರದೆ ಎರಡು ಕುರ್ಚಿಗಳ ನಡುವೆ, ಯಾರ ಕಡೆಗೂ ತಿರುಗದೆ ನಿಂತಿರುತ್ತಿತ್ತು. ಕುಟ್ಟುವ ಚಾಳಿ ಅಕ್ಕನನ್ನು ಹೊರಗೂ ಬಿಟ್ಟಿರಲಿಲ್ಲ. ಪಕ್ಕದ ಮನೆಯಾಕೆ ಮಾತು ಶುರುಮಾಡಿ ನಿಲ್ಲಿಸದೆ ಹೋದರೆ, ಅಕ್ಕ ಗೇಟಿಗೆ ಎರಡು ಸಲ ಕುಟ್ಟಿ ಒಳಗೆ ಬಂದುಬಿಡುತ್ತಿದ್ದಳು.

ಗಂಡ ಬಿಟ್ಟುಹೋಗಿ ತಂಗಿ ಒಂದು ಪೆಟ್ಟಿಗೆ ಹಿಡಿದು ಈ ಮನೆಗೆ ಬಂದಾಗ ಅಕ್ಕ ಅಳಬೇಡ ಎಂದೂ ಅನ್ನಲಿಲ್ಲ, ಮುಂದೇನು ಎಂದೂ ಕೇಳಲಿಲ್ಲ. ಅಡುಗೆಮನೆಯಿಂದ ಇನ್ನೊಂದು ಕುರ್ಚಿ ಎಳೆದುತಂದು ತನ್ನ ಪಕ್ಕ ಹಾಕಿ, "ಕೂತ್ಕೋ. ನಾನು ಓದ್ತೀನಿ, ನೀನು ನೋಡು" ಅಂದಿದ್ದಳು. ಅಲ್ಲಿಯವರೆಗೆ ಓದುವುದು, ನೋಡುವುದು ಎರಡನ್ನೂ ಅಕ್ಕ ಒಬ್ಬಳೇ ಮಾಡುತ್ತಿದ್ದಳು. ಈಗ ತುಸು ಹೊತ್ತು ಪರದೆ ನೋಡಿದರೆ ಅವಳ ಕಣ್ಣಲ್ಲಿ ನೀರಿಳಿಯುತ್ತಿತ್ತು. ಇದೆಲ್ಲ ಗೊತ್ತಿದ್ದೂ ತಂಗಿಗೆ ಆ ಕೆಲಸ ಬೇಕಿತ್ತು. ಬೆಳಿಗ್ಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ಎಲ್ಲಿಗಾದರೂ ಹೊರಡುವುದು ಬೇಕಿತ್ತು, ತನ್ನದೇ ಎನ್ನುವ ಒಂದು ಮೇಜು ಬೇಕಿತ್ತು. ಬೇಕೆನ್ನುವುದು ತಪ್ಪೇ ಎಂದು ತನ್ನನ್ನೇ ಕೇಳಿಕೊಳ್ಳುವಳು. ಅದು ತಪ್ಪಲ್ಲ. ವಯರು ಎಳೆದದ್ದು ತಪ್ಪು, ಮತ್ತು ಅದು ಅವಳಿಗೆ ಗೊತ್ತಿತ್ತು.

ಲ್ಯಾಪ್‌ಟಾಪ್ ಕೊಳ್ಳಲು ಅಕ್ಕನೂ ಹೊರಟು ನಿಂತಳು.

"ನೀನ್ಯಾಕೆ ಅಕ್ಕ ಈ ಬಿಸಿಲಲ್ಲಿ? ನಾನೇ ತರ್ತೀನಿ."

"ಅಷ್ಟು ವರ್ಷ ಅನ್ನ ಹಾಕಿದ್ದು ಕಣ್ಮುಚ್ಚಿದೆ. ಅದರ ಜಾಗಕ್ಕೆ ಯಾರು ಬರ್ತಾರೆ ಅಂತ ನಾನೂ ನೋಡ್ಬೇಡ್ವಾ?"

ತಂಗಿ ಚಪ್ಪಲಿ ಹುಡುಕುವ ನೆಪದಲ್ಲಿ ಮುಖ ತಿರುಗಿಸಿದಳು.

ಅಂಗಡಿಯಲ್ಲಿ ಲ್ಯಾಪ್‌ಟಾಪುಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿದ್ದವು. ಮಾರುವಾತ ಬಾಯಿಪಾಠ ಒಪ್ಪಿಸತೊಡಗಿದ. ಇದರ ವೇಗ ಇಷ್ಟು, ಅದರ ಬ್ಯಾಟರಿ ಇಷ್ಟು ಹೊತ್ತು, ಇದು ಆಟಕ್ಕೆ ಒಳ್ಳೆಯದು, ಅದು ಸಿನಿಮಾಕ್ಕೆ ಒಳ್ಳೆಯದು. ಅವನು ಉಸಿರೆಳೆದುಕೊಳ್ಳುವುದನ್ನೇ ಕಾದಿದ್ದ ಅಕ್ಕ ಗಾಜಿನ ಮೇಜಿಗೆ ಟಕ್ ಎಂದು ಕುಟ್ಟಿದಳು. ಅವನು ಬೆಚ್ಚಿ ಸುಮ್ಮನಾದ.

"ಅಕ್ಷರ ಚೆನ್ನಾಗಿ ಕಾಣ್ಸುತ್ತಾ? ಅದು ಹೇಳಪ್ಪಾ" ಎಂದಳು ಅಕ್ಕ.

ತಂಗಿ ಮನಸ್ಸಿನಲ್ಲಿ ಆರಿಸಿಟ್ಟಿದ್ದದ್ದು ಸಾಲಿನ ತುದಿಯಲ್ಲಿತ್ತು. ತೆಳ್ಳಗಿನದು, ಹಗುರ. ಫೋನಿನಲ್ಲಿ ಅದರ ಚಿತ್ರವನ್ನು ಕದ್ದುಕದ್ದು ನೋಡಿದ್ದೇ ನೋಡಿದ್ದು. ಈಗ ಅದು ಕಣ್ಣೆದುರು ಕೂತಿದ್ದರೂ ಅತ್ತ ತಲೆ ಎತ್ತಲು ಧೈರ್ಯವಾಗಲಿಲ್ಲ. ಪಾಪಪ್ರಜ್ಞೆಯೇ ಕೈಹಿಡಿದು ಎಳೆದಂತೆ ನೇರ ಹೋಗಿ, ಇದ್ದುದರಲ್ಲೇ ದೊಡ್ಡದೊಂದರ ಪಕ್ಕದಲ್ಲಿ, ಎದುರಿಗಲ್ಲ, ಪಕ್ಕದಲ್ಲಿ ನಿಂತಳು.

"ಇದು ಪಕ್ಕದಿಂದ ಕಾಣುತ್ತಾ?"

"ಪಕ್ಕದಿಂದ ಯಾರು ನೋಡ್ತಾರೆ ಮೇಡಂ?" ಎಂದು ಮಾರುವಾತ ನಕ್ಕ. "ಲ್ಯಾಪ್‌ಟಾಪ್ ಅಂದ್ರೆ ಒಬ್ಬರಿಗೇ ಅಲ್ವಾ?"

ಅವಳು ನಗಲಿಲ್ಲ. ಒಂದೊಂದರ ಪಕ್ಕಕ್ಕೂ ಹೋಗಿ, ಅಕ್ಕ ಕೂರುವಷ್ಟು ದೂರದಲ್ಲಿ ನಿಂತು, ಅಕ್ಕನ ಎತ್ತರಕ್ಕೆ ಬಗ್ಗಿ ನೋಡಿದಳು. ಹೆಚ್ಚಿನವುಗಳಲ್ಲಿ ಅಕ್ಷರಗಳು ಮಂಕಾಗಿ ಮಾಯವಾಗುತ್ತಿದ್ದವು. ದೊಡ್ಡದರಲ್ಲಿ ಮಾತ್ರ ನೆಟ್ಟಗೆ ಕಾಣುತ್ತಿದ್ದವು. "ಇದೇ ಇರಲಿ" ಎಂದಳು.

ಅಕ್ಕ ಅದನ್ನು ಎತ್ತಿ ನೋಡಿ, "ಅಬ್ಬಬ್ಬಾ! ಇದನ್ನ ಹೊತ್ಕೊಂಡು ದಿನಾ ಬಸ್ಸು ಹತ್ತೋಕಾಗುತ್ತೇನೇ?" ಎಂದಳು.

"ಬಸ್ಸು ಯಾಕೆ ಹತ್ತಬೇಕು? ಮನೇಲೇ ಇರುತ್ತಲ್ಲ" ಎಂದಳು ತಂಗಿ. ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

ಅಕ್ಕ ಸಾಲಿನ ತುದಿಗೆ ನಡೆದು, ಆ ತೆಳ್ಳಗಿನದನ್ನು ಮುಚ್ಚಿ ಎತ್ತಿಕೊಂಡು ಬಂದು, ತಂಗಿಯ ಹೆಗಲ ಚೀಲಕ್ಕೆ ಇಳಿಸಿದಳು. ಅಳತೆ ತೆಗೆದು ಹೊಲಿಸಿದಂತೆ ಕೂತಿತು.

"ಇದೇ ಕೊಡಿ."

"ಬೇಡ ಅಕ್ಕ. ಅದು ನಿನಗೆ ಕಾಣಲ್ಲ."

"ನನಗೆ ಕಾಣದಿದ್ರೆ ಏನಂತೆ? ನೋಡೋಳು ನೀನು ತಾನೆ?" ಎಂದು ಅಕ್ಕ ಗಾಜಿಗೆ ಮತ್ತೊಮ್ಮೆ ಕುಟ್ಟಿದಳು. ಮಾರುವಾತನಿಗೂ ಈಗ ಅದರ ಅರ್ಥ ಗೊತ್ತಾಗಿತ್ತು, ಬಿಲ್ಲು ಬರೆಯಲು ಹೋದ.

ಬೇಕಾದದ್ದೇ ಸಿಕ್ಕಿತ್ತು, ಅದೂ ಬಾಯಿಬಿಟ್ಟು ಕೇಳದೆ. ದಾರಿಯುದ್ದಕ್ಕೂ ತಂಗಿ ಚೀಲವನ್ನು ಕಳ್ಳಮಾಲಿನಂತೆ ಅವುಚಿಕೊಂಡು ಕೂತಿದ್ದಳು. ಮನೆ ಸೇರಿದ ಕೂಡಲೇ ಎಲ್ಲ ಹೇಳಿಬಿಡಬೇಕು ಎಂದು ಮಾತು ಜೋಡಿಸಿಕೊಂಡಳು. ಬಾಗಿಲು ತೆಗೆದದ್ದೇ ತಡ, ಅಕ್ಕ ಸೀದಾ ಮೇಜಿಗೆ ಹೋಗಿ ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿದಳು. ಫ್ಯಾನು ಗೊರ್ ಎಂದಿತು. ಪರದೆ ಬೆಳಗಿತು.

"ನಿನ್ನೆ ಕಸ ಗುಡಿಸೋವಾಗ ಹಿಂದಿನ ವಯರು ಜೋತಾಡ್ತಿತ್ತು" ಎಂದಳು ಅಕ್ಕ, ಬೆನ್ನು ತಿರುಗಿಸಿಕೊಂಡೇ. "ಸಿಕ್ಕಿಸಿದೆ, ಎದ್ದು ಕೂತಿತು. ಸುಟ್ಟುಹೋದ ಮದರ್‌ಬೋರ್ಡ್ ಅಂದ್ರೂ ಗಟ್ಟಿ ಜೀವ."

ತಂಗಿ ಚೀಲ ಇಳಿಸುವುದನ್ನೂ ಮರೆತು ನಿಂತಳು.

"ಕೆಲಸಕ್ಕೆ ಯಾವತ್ತಿಂದ ಹೋಗ್ಬೇಕು?"

"ಅಕ್ಕ... ನಿನಗೆ ಯಾರು ಹೇಳಿದ್ರು?"

"ಆ ಮೇಡಂ ಮೊದಲು ಫೋನ್ ಮಾಡಿದ್ದು ನನಗೇ. ನೀವು ಬನ್ನಿ ಅಂದ್ರು. ನನ್ನ ತಂಗೀನ ಕರೀರಿ, ಅವಳ ಕಣ್ಣು ನನಗಿಂತ ಚುರುಕು ಅಂದೆ." ಅಕ್ಕ ಹಸ್ತಪ್ರತಿಯ ಹಾಳೆಗಳನ್ನು ಮೇಜಿಗೆ ಕುಕ್ಕಿ ಸರಿಮಾಡಿದಳು. "ನೀನಾಗೇ ಬಂದು ಹೇಳ್ತೀಯ ಅಂತ ಕಾಯ್ತಾ ಇದ್ದೆ. ಖುಷಿಪಡೋಕೆ ಸಿದ್ಧಳಾಗಿ ಕೂತಿದ್ದೆ ಕಣೇ."

ಬೈದಿದ್ದರೆ, ಅತ್ತಿದ್ದರೆ, ಎರಡು ದಿನ ಮಾತು ಬಿಟ್ಟಿದ್ದರೆ ತಂಗಿ ಹೇಗೋ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳುವುದು ಅವಳಿಂದಾಗಲಿಲ್ಲ. ಅಕ್ಕ ತಾನಾಗಿ ಕೊಟ್ಟದ್ದನ್ನೇ ತಾನು ಕದ್ದುಕೊಂಡಿದ್ದೆ ಎಂದು ಅವಳಿಗೆ ಈಗ ಅರ್ಥವಾಯಿತು.

"ಬಾ, ಉಳಿದ ಅಧ್ಯಾಯ ಮುಗಿಸೋಣ" ಎಂದಳು ಅಕ್ಕ.

ತಂಗಿ ತನ್ನ ಕುರ್ಚಿಯಲ್ಲಿ ಕೂತಳು. ಅಕ್ಕ ಎರಡೂ ಕೈಗಳಿಂದ ಪರದೆಯನ್ನು ಹಿಡಿದು ತನ್ನ ಕಡೆಗೆ ಪೂರ್ತಿ ತಿರುಗಿಸಿಕೊಂಡಳು. ಮೇಜಿನ ಮೇಲೆ ಅದು ನಿಂತಿದ್ದ ಜಾಗದಲ್ಲಿ ಧೂಳಿಲ್ಲದ ಗುರುತೊಂದು ಉಳಿಯಿತು. ತಂಗಿ ಕೂತಲ್ಲಿಂದ ಈಗ ಪರದೆಯ ಬೆನ್ನು ಮತ್ತು ವಯರುಗಳು ಮಾತ್ರ ಕಾಣುತ್ತಿದ್ದವು.

"ನನಗೆ ಕಾಣ್ತಿಲ್ಲ ಅಕ್ಕ."

"ಗೊತ್ತು. ಅಭ್ಯಾಸ ಮಾಡ್ಕೋತಿದ್ದೀನಿ."

ಅಕ್ಕ ಒಂದು ಸಾಲು ಓದಿದಳು, ತಲೆ ಎತ್ತಿ ಪರದೆ ನೋಡಿದಳು, ಕಣ್ಣೊರೆಸಿಕೊಂಡಳು, ಮತ್ತೆ ಹಾಳೆಯಲ್ಲಿ ಬಿಟ್ಟ ಜಾಗ ಹುಡುಕಿದಳು.

"ನಿಲ್ಲು" ಎಂದಳು ತಂಗಿ.

ಅಕ್ಕ ನಿಲ್ಲಿಸಿದಳು. "ಎಲ್ಲಿ ತಪ್ಪು?"

"ನನ್ನದು. ರಿಪೇರಿಯವನು ಸರಿಮಾಡಿ ಹೋಗಿದ್ದ. ವಯರು ಎಳೆದದ್ದು ನಾನು. ನಿನಗೆ ಹೇಳೋಕೆ ಮುಖ ಇರ್ಲಿಲ್ಲ ಅಕ್ಕ. ತಪ್ಪಾಯ್ತು."

ಅಕ್ಕ ಕೊನೆಯವರೆಗೂ ಕೇಳಿಸಿಕೊಂಡಳು. ಹೋಗಲಿ ಬಿಡು ಎನ್ನಲಿಲ್ಲ, ಹೀಗ್ಯಾಕೆ ಮಾಡಿದೆ ಎಂದೂ ಕೇಳಲಿಲ್ಲ. ಗೆಣ್ಣಿನಿಂದ ಮೇಜಿಗೆ ಒಂದು ಸಲ ಕುಟ್ಟಿದಳು. ತಂಗಿ ಎರಡನೆಯದಕ್ಕಾಗಿ ಕಾದಳು. ಅದು ಬರಲಿಲ್ಲ. ಅಕ್ಕ ಬೆರಳಿಟ್ಟಿದ್ದ ಕಡೆಯಿಂದಲೇ ಮತ್ತೆ ಓದತೊಡಗಿದಳು, ನಿಧಾನವಾಗಿ, ಸಾಲಿಗೊಮ್ಮೆ ತಲೆ ಎತ್ತುತ್ತ. ಪ್ಯಾರಾದ ಕೊನೆ ಮುಟ್ಟಿ ಎರಡು ಸಲ ಕುಟ್ಟಿದಳು. ಆಮೇಲೆ ತಾನೇ ಪರದೆಯನ್ನು ನೋಡಿ, ತಾನೇ "ಹೂಂ" ಅಂದಳು.