ಬಿಚ್ಚಿಕೊಳ್ಳಲೆಂದೇ ಇರುವ ಜಾಯಿಂಟು

ಆಟೋಗಳು ಪೆಟ್ರೋಲು ಬಿಟ್ಟು ಗ್ಯಾಸಿಗೆ ಬಂದ ಹೊಸತು. ಬೋಗಾದಿ ರಸ್ತೆಯ ಗ್ಯಾಸ್ ಬಂಕಿನಲ್ಲಿ ಬೆಳಗಾದರೆ ಆಟೋಗಳ ಸಾಲು, ಎಲ್ಲರಿಗೂ ಅವಸರ. ಗ್ಯಾಸ್ ತುಂಬುವ ಪವಿತ್ರಳಿಗೆ ಮಾತ್ರ ಪೈಪು ಮುಟ್ಟಲೇ ಹೆದರಿಕೆ.

ಕಾರಣವಿತ್ತು. ಹಿಂದಿನ ವಾರ ಒಬ್ಬ ಡ್ರೈವರು ಪೈಪು ತೆಗೆಯುವ ಮೊದಲೇ ಆಟೋ ಓಡಿಸಿಬಿಟ್ಟಿದ್ದ. ಪೈಪಿನ ಬುಡದ ಜಾಯಿಂಟು ಪಟ್ಟೆಂದು ಎರಡಾಗಿ, ಪೈಪು ಅವಳ ಕಾಲಿಗೆ ಬಡಿದು ಬಿದ್ದಿತ್ತು. ಮೆಕ್ಯಾನಿಕ್ ಬಂದು ಜೋಡಿಸುವವರೆಗೆ ಬಂಕು ಬಂದ್. ಆಟೋದವರ ಬೈಗುಳ ತಿಂದ ಯಜಮಾನ ರುದ್ರಸ್ವಾಮಿ, ಅದು ಮತ್ತೆ ಬಿಚ್ಚಿಕೊಳ್ಳದಂತೆ ಜಾಯಿಂಟಿನ ಸುತ್ತ ಕಬ್ಬಿಣದ ತಂತಿ ಬಿಗಿದರು. ಆ ತಂತಿ ನೋಡಿದಾಗಲೇ ಪವಿತ್ರಳಿಗೆ ಕೊಂಚ ಧೈರ್ಯ.

ಆ ದಿನ ಅವಳ ಅಣ್ಣ ಸಂಜಯ್ ತಿಂಡಿ ಡಬ್ಬಿ ಕೊಡಲು ಬಂದ. ಅವನಿಗೆ ಮುಂಬೈ ಕಡೆ, ಸಮುದ್ರದ ನಡುವೆ ಎಣ್ಣೆ ತುಂಬಿಕೊಳ್ಳುವ ಹಡಗಿನಲ್ಲಿ ಕೆಲಸ, ರಜೆಗೆ ಬಂದಿದ್ದ. ತಂತಿ ಕಂಡವನೇ ನಿಂತುಬಿಟ್ಟ.

“ಇದ್ಯಾರು ಕಟ್ಟಿದ್ದು?”

“ಯಜಮಾನ್ರು ಕಣಣ್ಣ. ಇನ್ನು ಬಿಚ್ಕೊಳಲ್ಲ ಬುಡು.”

“ಅಯ್ಯೋ ಹುಚ್ಚಿ, ಅದು ಬಿಚ್ಕೊಳ್ಳಲಿ ಅಂತಾನೇ ಮಾಡಿರೋದು! ನಮ್ಮ ಹಡಗಲ್ಲೂ ಇಂಥದ್ದೇ ಇರ್ತದೆ, ಇನ್ನೂ ದೊಡ್ಡದು. ಎಣ್ಣೆ ತುಂಬುವಾಗ ಅಲೆ ಹಡಗನ್ನ ಎಳೆದ್ರೆ, ಪೈಪು ಹರಿಯೋ ಮುಂಚೆ ಜಾಯಿಂಟು ಬಿಟ್ಕೊಳ್ತದೆ. ಬಿಟ್ಟ ತಕ್ಷಣ ಎರಡು ಕಡೇನೂ ಬಾಯಿ ಮುಚ್ಕೊಳ್ತದೆ. ಅವತ್ತು ಗ್ಯಾಸ್ ತುಂಬಾ ಹೊರಗೆ ಬಂತಾ?”

ಪವಿತ್ರ ನೆನೆಸಿಕೊಂಡಳು. ಪುಸ್ಸೆಂದು ಒಂದಿಷ್ಟು, ಅಷ್ಟೇ. ಕೊಲ್ಲಲು ಬಂದಿತ್ತು ಅಂದುಕೊಂಡ ಜಾಯಿಂಟೇ ತನ್ನನ್ನು ಉಳಿಸಿತ್ತು. ಧೈರ್ಯ ಕೊಟ್ಟಿದ್ದ ತಂತಿಯ ಕಡೆ ನೋಡಿದಳು. ನೇರ ಯಜಮಾನರ ಬಳಿ ಹೋದಳು.

“ಯಜಮಾನ್ರೇ, ತಂತಿ ಬಿಚ್ಚೋವರ್ಗೂ ನಾನು ಪೈಪು ಮುಟ್ಟಲ್ಲ.”

ಅಣ್ಣತಂಗಿಯ ಮಾತು ಕೇಳಿಸಿಕೊಂಡಿದ್ದ ರುದ್ರಸ್ವಾಮಿ ನಕ್ಕರು. “ಏನಪ್ಪಾ ಸಂಜಯ್, ನಮ್ಮ ಬೋಗಾದಿಗೆ ಸಮುದ್ರ ಬಂದ್ಬುಡ್ತಾ? ಇಲ್ಲಿ ಯಾವ ಅಲೆ ಎಳೀತದೆ?”

“ಡ್ರೈವರ್‌ಗಳ ಅವಸರ ಸಾಲ್ದಾ ಸಾರ್? ಜಾಯಿಂಟು ಬಿಡ್ದಿದ್ರೆ ಪೈಪು ಹರೀತದೆ, ಇಲ್ಲಾ ಮಿಷನ್ನೇ ಕಿತ್ಕೊಂಡು ಬರ್ತದೆ. ಆಗ ಒಂದು ಕಿಡಿ ಸಾಕು.”

“ನೀವು ಅಣ್ಣತಂಗಿ ಹೆದರ್ಕೊಂಡು ಕೂತ್ಕೊಳಿ. ನಾನೇ ತುಂಬ್ತೀನಿ.”

ರುದ್ರಸ್ವಾಮಿ ಪೈಪು ಎಳೆದು, ಸಾಲಿನಲ್ಲಿ ಮೊದಲು ನಿಂತಿದ್ದ ಡ್ರೈವರು ಕೆಂಪಯ್ಯನ ಆಟೋಗೆ ಸಿಕ್ಕಿಸಿದರು. ಗ್ಯಾಸ್ ಇನ್ನೂ ಬಿಟ್ಟಿರಲಿಲ್ಲ. ಕೆಂಪಯ್ಯ ಬ್ರೇಕು ಹಾಕದೆ ಇಳಿದಿದ್ದ. ಇಳಿಜಾರಿನಲ್ಲಿ ಆಟೋ ಮೆಲ್ಲಗೆ ಉರುಳಿತು. ಪೈಪು ಬಿಗಿಯಿತು. ತಂತಿ ಬಿಡಲಿಲ್ಲ. ಮಿಷನ್ನು ಬುಡದಿಂದ ಕಿರ್ರೆಂದು ವಾಲಿತು.

“ಹಿಡ್ಕೊಳ್ರೋ! ಹಿಡ್ಕೊಳ್ರೋ!” ರುದ್ರಸ್ವಾಮಿ ಕೂಗಿಕೊಂಡರು.

ಪವಿತ್ರ ಓಡಿಹೋಗಿ, ಎಲ್ಲ ನಿಲ್ಲಿಸುವ ಕೆಂಪು ಗುಂಡಿ ಒತ್ತಿದಳು. ಸಂಜಯ್ ಮತ್ತು ಕೆಂಪಯ್ಯ ಆಟೋಗೆ ಹೆಗಲು ಕೊಟ್ಟು ಹಿಂದಕ್ಕೆ ನೂಕಿದರು. ಪೈಪು ಸಡಿಲವಾಯಿತು. ಎಲ್ಲರ ಮೂಗೂ ಗ್ಯಾಸಿನ ವಾಸನೆ ಹುಡುಕುತ್ತಿತ್ತು.

ಇಲ್ಲ. ಬಂದಿರಲಿಲ್ಲ.

ರುದ್ರಸ್ವಾಮಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು. ಅಂಗಿ ಬೆವರಿನಲ್ಲಿ ಒದ್ದೆ.

“ಬಂಕ್ ಮುಚ್ಚಮ್ಮ ಪವಿತ್ರ. ಮೆಕ್ಯಾನಿಕ್ ಬಂದು ಆ ಹಾಳು ತಂತಿ ತೆಗೆದು, ಎಲ್ಲಾ ನೋಡೋವರ್ಗೂ ಒಂದು ಆಟೋನೂ ಬ್ಯಾಡ.”

“ಆಟೋದವ್ರು ಬಯ್ತಾರೆ ಯಜಮಾನ್ರೇ.”

“ಬಯ್ಯಲಿ ಬುಡಮ್ಮ. ಬಯ್ಯೋಕೆ ಅವ್ರೂ ಇರ್ಬೇಕಲ್ಲ!”

ಅಣ್ಣಂದಿರೇ, ಅಕ್ಕಂದಿರೇ, ಗ್ಯಾಸ್ ತುಂಬಿಸುವಾಗ ಎಲ್ಲರೂ ಗಾಡಿಯಿಂದ ಇಳಿಯಿರಿ. ಬ್ರೇಕು ಹಾಕಿ, ಕೀಲಿ ಕೈಯಲ್ಲಿ ಹಿಡಿಯಿರಿ. ಪೈಪು ತೆಗೆದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹೊರಡಿ. ಜಾಯಿಂಟಿಗೆ ತಂತಿಯೋ ಹಗ್ಗವೋ ಸುತ್ತಿದ್ದು ಕಂಡರೆ ತುಂಬಿಸಬೇಡಿ. ಯಾಕೆ ಕಟ್ಟಿದ್ದೀರಿ ಎಂದು ಕೇಳಿ. ಎಂದಾದರೂ ಅದು ಬಿಚ್ಚಿಕೊಂಡು ಬಂಕು ಮುಚ್ಚಿದರೆ ಸಿಟ್ಟು ಮಾಡಬೇಡಿ. ಆ ದಿನ ನೀವು ಮನೆಗೆ ತಡವಾಗಿ ಹೋದೀರಿ, ಆದರೆ ಹೋಗುತ್ತೀರಿ.